ಕಾಲಿನ ಬಿಳಿ ಚುಕ್ಕೆ

ಮಧ್ಯಾಹ್ನ ಸಮುದ್ರ ಇಳಿಯುವ ಹೊತ್ತಿಗೆ ಕೊಳದ ತೂಬು ತೆಗೆಯಬೇಕೆಂದು ಆದೇಶವಾಗಿತ್ತು. ಅದಕ್ಕೆ ಕಾರಣ ಆರೋಗ್ಯ ಕೇಂದ್ರದ ನೋರ್ಲಿಯಾನಿ ಹಿಂದಿನ ದಿನ ಬರೆದು ಕಳಿಸಿದ್ದ ಒಂದೇ ಸಾಲು: ಮೂರು ಸೊಳ್ಳೆ, ಮೂರೂ ಸುಂಡೈಕಸ್.

ದಕ್ಷಿಣ ಕಾಲಿಮಂತಾನಿನ ಆ ಕರಾವಳಿಯಲ್ಲಿ ಸುಂಡೈಕಸ್ ಎಂದರೆ ಮಲೇರಿಯಾ. ಉಪ್ಪುನೀರಿನ ಮೀನುಕೊಳದ ಪಾಚಿಯಲ್ಲಿ ಮೊಟ್ಟೆ ಇಡುತ್ತದೆ. ಸಿಕ್ಕ ಕಡೆ ಕೊಳ ಬರಿದು ಮಾಡಿ ಒಣಗಿಸುವುದು ಜಿಲ್ಲೆಯ ಕ್ರಮ.

ಬೆಳಗ್ಗೆ ಒಂಬತ್ತೂವರೆಗೆ ಕೊಳದ ಒಡತಿ ಆರೋಗ್ಯ ಕೇಂದ್ರಕ್ಕೆ ಬಂದಳು. ಊರಿಗೆಲ್ಲ ಚಿಕ್ಕಮ್ಮ, ಹಾಗಾಗಿ ಎಲ್ಲರ ಬಾಯಲ್ಲೂ ಅಚಿಲ್ ರಹಮಿ. ಆ ಮೂರು ಸೊಳ್ಳೆಗಳನ್ನು ಹಿಡಿದುಕೊಟ್ಟವಳೂ ಅವಳೇ. ಸ್ವಯಂಸೇವಕಿಯಾಗಿ ಸಂಜೆ ಕೊಳದ ದಂಡೆಯಲ್ಲಿ ಮೊಣಕಾಲವರೆಗೆ ಬಟ್ಟೆ ಮಡಚಿ ಕೂತು, ಕಾಲಿಗೆ ಕೂತ ಸೊಳ್ಳೆಯ ಮೇಲೆ ಗಾಜಿನ ನಳಿಕೆ ಮಗುಚಿ ಹಿಡಿದಿದ್ದಳು.

"ನನ್ನ ಮನೆ ಕೆಡಿಸೋಕೆ ನಾನೇ ಸಾಕ್ಷಿ ತಂದುಕೊಟ್ಟೆ ನೋಡು" ಎಂದಳು. "ಬಂದೆಂಗ್ ಮೀನು ಇನ್ನೂ ಗೇಣುದ್ದ ಇಲ್ಲ ಕಣೇ. ನೀರು ಬಿಟ್ರೆ ಬೆಕ್ಕಿಗೂ ಬೇಡ. ಸರಿಯಾಗಿ ನೋಡಿದೀಯಾ?"

"ನೋಡಿದೀನಿ ಅಚಿಲ್. ಕಾಲ ತುಂಬ ಬಿಳಿ ಚುಕ್ಕೆ. ಅದರ ಹಾಗೇ ಕಾಣೋ, ಅಷ್ಟು ಅಪಾಯ ಇಲ್ಲದ ಸುಬ್‌ಪಿಕ್ಟಸ್ ಆಗಿದ್ರೆ ಗೆಣ್ಣಿನ ಹತ್ರ ಪಟ್ಟಿ ಮಾತ್ರ ಇರುತ್ತೆ, ಚುಕ್ಕೆ ಇರಲ್ಲ."

ಅಚಿಲ್ ಬೆಂಚಿನ ಮೇಲೆ ಕುಸಿದಳು. ಕರಾವಳಿಯ ಹೆಂಗಸರ ಹಾಗೆ ಅವಳ ಮುಖಕ್ಕೂ ಪುಪುರ್ ದಪ್ಪಗೆ ಮೆತ್ತಿತ್ತು. ಅಕ್ಕಿ ಅರೆದು ಉಂಡೆ ಕಟ್ಟಿ ಒಣಗಿಸಿದ ಪುಡಿ, ಬಿಸಿಲಿಗೆ ತಂಪು. ಅವಳು ಕಣ್ಣೊರೆಸಿಕೊಂಡಾಗ ಬೆರಳಿಗೆ ಬಿಳಿ ಹತ್ತಿತು. ನೋರ್ಲಿಯಾನಿ ಆ ಬೆರಳನ್ನೇ ನೋಡಿದಳು.

"ಅಚಿಲ್, ಇದನ್ನ ಕಾಲಿಗೂ ಹಚ್ತೀರಾ?"

"ದಿನವೆಲ್ಲ ಕೊಳದಲ್ಲಿ ನಿಂತು ಕಾಲು ಉರೀತಿತ್ತು. ಹಚ್ಚಿದ್ದೆ."

"ಸೊಳ್ಳೆ ಹಿಡಿಯೋವಾಗ ಏನೂ ಹಚ್ಚಬಾರದು ಅಂತ ನಾವು ಕೊಟ್ಟ ಚೀಟೀಲಿ ಬರೆದಿದೆಯಲ್ಲ!"

"ಎಣ್ಣೆ, ಮುಲಾಮು, ಅತ್ತರು ಅಂತ ಇದೆ. ಪುಪುರ್ ಹಚ್ಚೋದೂ ಒಂದು ಹಚ್ಚೋದಾ? ಮುಖ ತೊಳ್ಕೊಂಡ ಹಾಗೆ ಅದು!"

ನೋರ್ಲಿಯಾನಿ ಯೋಚಿಸಿದಳು. ನಳಿಕೆಯ ಬಾಯಿ ಚರ್ಮಕ್ಕೆ ಒತ್ತಿದಾಗ ಪುಡಿ ಒಳಗೆ ಸೇರಿರಬಹುದು, ಸೊಳ್ಳೆ ಅದರಲ್ಲೇ ಒದ್ದಾಡಿರಬಹುದು. ಆದರೆ ಇರಬಹುದು ಎಂಬುದನ್ನು ವರದಿಯಲ್ಲಿ ಬರೆಯಲಾಗದು. ಅಚಿಲ್‌ಳ ಮೇಲಿನ ಕನಿಕರವನ್ನೂ ಬರೆಯಲಾಗದು. ಗಾಯಕ್ಕೆ ಹಚ್ಚುವ ಅಯೋಡಿನ್ ಸೀಸೆ ಕಪಾಟಿನಲ್ಲಿತ್ತು. ಅಕ್ಕಿಹಿಟ್ಟಿಗೆ ಅದು ತಗುಲಿದರೆ ನೀಲಿ. ಸೊಳ್ಳೆಯ ಸ್ವಂತ ಬಿಳಿಗೆ ಆ ಬಣ್ಣ ಬಾರದು.

ಮೊದಲ ಸೊಳ್ಳೆಯ ಒಂದು ಕಾಲಿಗೆ ಒಂದು ಹನಿ ಬಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಚುಕ್ಕೆಗಳು ಒಂದೊಂದೇ ನೀಲಿಗಟ್ಟಿದವು. ಉಳಿದೆರಡರಲ್ಲೂ ಹಾಗೇ. ಆಮೇಲೆ ಒದ್ದೆ ಕುಂಚದಿಂದ ಮಿಕ್ಕ ಕಾಲುಗಳನ್ನು ಮೆಲ್ಲಗೆ ಸವರಿದಳು. ಪುಡಿ ಹೋಯಿತು. ಗೆಣ್ಣಿನ ಪಟ್ಟಿ ಉಳಿಯಿತು, ಚುಕ್ಕೆ ಒಂದೂ ಉಳಿಯಲಿಲ್ಲ.

"ಬನ್ನಿ, ನೀವೇ ನೋಡಿ."

ಅಚಿಲ್ ಕಣ್ಣು ಕಿರಿದು ಮಾಡಿ ನೋಡಿದಳು. "ಅಯ್ಯೋ! ನನ್ನ ಪುಪುರ್ ಬಳ್ಕೊಂಡು ಮದುವಣಗಿತ್ತಿ ಆಗಿದ್ವಾ ಇವು?"

ನೋರ್ಲಿಯಾನಿ ಜಿಲ್ಲಾ ಕಚೇರಿಯ ಸುಪಿಯಾನ್ ಸಾಹೇಬರಿಗೆ ಫೋನ್ ಮಾಡಿ ತನ್ನ ತಪ್ಪನ್ನು ಮುಚ್ಚುಮರೆಯಿಲ್ಲದೆ ಹೇಳಿದಳು.

"ಹದಿನೈದು ವರ್ಷದಲ್ಲಿ ಮೇಕಪ್ ಮಾಡಿದ ಸೊಳ್ಳೆ ಇದೇ ಮೊದಲು ಕಣಮ್ಮ" ಎಂದರು ಅವರು. "ತೂಬು ಮುಚ್ಚಿರಲಿ. ಸುಬ್‌ಪಿಕ್ಟಸ್ ಅಂತ ಸುಮ್ಮನಿರೋದು ಬೇಡ, ಪಾಚಿ ತೆಗೆಸು. ಒಂದು ವಾರ ಹೊಸದಾಗಿ ಸೊಳ್ಳೆ ಹಿಡಿಸು. ಅದೂ ಕಾಲು ತೊಳ್ಸಿ!"

ಅಚಿಲ್ ಆಗಲೇ ಗಂಡನಿಗೆ ಫೋನ್ ಹಚ್ಚಿದ್ದಳು.

"ಅಬಾ, ನೀರು ಬಿಡಬೇಡಿ!"

"ಇಳಿತ ಆಗಲೇ ಶುರುವಾಯ್ತು ಅಂತ ತೂಬಿನ ಎರಡು ಹಲಗೆ ತೆಗೆದಾಯ್ತಲ್ಲೇ! ನೀನೇ ಹೇಳಿದ್ದು ತಾನೆ?"

"ವಾಪಸ್ ಹಾಕ್ರೀ! ಬೇಗ! ಮೀನು ಹೋಯ್ತಾ?"

ಅತ್ತ ನೀರಿನ ಸದ್ದು, ಮರಕ್ಕೆ ಮರ ಬಡಿದ ಸದ್ದು, ಮುದುಕನ ಬೈಗುಳ. ಇಬ್ಬರು ಹೆಂಗಸರೂ ಫೋನಿಗೆ ಕಿವಿಗೊಟ್ಟರು.

"ಬಲೆ ಅಡ್ಡ ಇತ್ತು, ಒಂದೂ ಹೋಗಿಲ್ಲ" ಎಂದ ಅವನು. "ನೀರು ಮಾತ್ರ ಒಂದು ಗೇಣು ಇಳೀತು. ಸಂಜೆ ಉಬ್ಬರಕ್ಕೆ ತುಂಬ್ಕೊಳ್ಳುತ್ತೆ ಬಿಡು."