ಬಾನೆಟ್ಟಿನೊಳಗಿನ ಕಡ್ಲೆಪುರಿ

"ಸರ, ನಿಮ್ಮ ಗಾಡ್ಯಾಗ ಚುರುಮುರಿ ಯಾರು ಇಟ್ಟಾರ್ರಿ?"

ಸೊಂಟದವರೆಗೆ ಬಾನೆಟ್ಟಿನೊಳಗೆ ಬಗ್ಗಿದ್ದ ಜಟ್ಟೆಪ್ಪ ತಲೆ ಎತ್ತದೆಯೇ ಕೇಳಿದ. ಸುಗತನಿಗೆ ಮಾತು ಕೇಳಿಸಿತು, ಅಷ್ಟೇ. ಅಪ್ಪ ಹೋದಾಗಿನಿಂದ ಯಾರು ಏನು ಹೇಳಿದರೂ ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದವರ ದವಡೆಯ ಹಾಗೆ ಆಗಿದ್ದ ಅವನು. ಮುಟ್ಟಿದರೆ ಮುಟ್ಟಿದ್ದು ತಿಳಿಯುತ್ತಿತ್ತು, ನೋವು ತಿಳಿಯುತ್ತಿರಲಿಲ್ಲ.

"ಏನು?" ಅಂದ.

"ಚುರುಮುರಿ ರೀ. ನೀವು ಈ ಕಡೆಯವರು ಪುರಿ ಅಂತೀರಲ್ಲ, ಅದು. ಇಲ್ಲಿ ಬಂದು ನೋಡ್ರಿ."

ಕೆ.ಆರ್. ಪುರದ ಹಳೇ ಮದ್ರಾಸ್ ರಸ್ತೆಯ ಪಕ್ಕದ ಆ ತಗಡಿನ ಶೆಡ್ಡಿನಲ್ಲಿ ಕಾರು ಬಿಟ್ಟು ವಾರಗಳೇ ಆಗಿದ್ದವು. ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಜಟ್ಟೆಪ್ಪ ಎರಡು ಸಲ ಫೋನ್ ಮಾಡಿ, ಮೊದಲು ಬ್ಯಾಟರಿ ಅಂದಿದ್ದ, ಆಮೇಲೆ ಪೆಟ್ರೋಲ್ ಪಂಪು ಅಂದಿದ್ದ. ಎರಡೂ ಅಲ್ಲ ಅಂತಾದ ಮೇಲೆ, "ನೀವೇ ಬಂದು ನಿಂತ್ಕೊಳ್ರಿ ಸರ, ಪೂರಾ ಬಿಚ್ಚಿ ನೋಡ್ತೀನಿ" ಎಂದು ಕರೆಸಿದ್ದ. ವೈಟ್‌ಫೀಲ್ಡಿನ ಕಂಪನಿಯೊಂದರ ಸ್ಟೋರ್ಸಿನಲ್ಲಿ ಕೆಲಸ ಮಾಡುತ್ತಿದ್ದ ಸುಗತ ಅರ್ಧ ದಿನ ರಜೆ ಹಾಕಿ ಬಂದಿದ್ದ.

ಅವನು ಬಗ್ಗಿ ನೋಡಿದ. ಬ್ಯಾಟರಿಯ ಪಕ್ಕದಲ್ಲಿ ಅಂಗೈ ಅಗಲದ ಒಂದು ಸಮತಟ್ಟಾದ ಜಾಗ. ಅಲ್ಲಿ ಎಣ್ಣೆ ಕುಡಿದು ಕಪ್ಪಾದ ಕಡ್ಲೆಪುರಿ, ಕರಗಿ ತಗಡಿಗೆ ಅಂಟಿಕೊಂಡ ಬೆಲ್ಲ, ಒಣಗಿ ಮುರುಟಿದ ಅರ್ಧ ನಿಂಬೆಹಣ್ಣು, ಗಟ್ಟಿಯಾದ ಕುಂಕುಮ. ಅದರ ಸುತ್ತ ಇಲಿಯ ಹಿಕ್ಕೆ.

"ಇಲಿ ರೀ ಸರ. ಬೆಲ್ಲದ ವಾಸನಿಗೆ ಬಂದಾವ. ಬಂದವು ಸುಮ್ನ ಹೋಗ್ತಾವೇನ್ರಿ? ಪೈಪು ಕಡದಾವ, ವೈರು ಕಡದಾವ. ಮನಿ ಮಾಡಿ ಮಕ್ಕಳು ಮರಿ ಸಾಕ್ಯಾವ," ಎನ್ನುತ್ತಾ ಜಟ್ಟೆಪ್ಪ ಒಂದು ವೈರನ್ನು ಬೆರಳಿಗೆ ಸುತ್ತಿ ಎತ್ತಿ ತೋರಿಸಿದ. "ಇದು ನೋಡ್ರಿ, ನೀವು ಹೇಳ್ತಿದ್ದ ಆ ಇಂಜಿನ್ ಬತ್ತಿ. ಒಂದೆಳಿ ಮ್ಯಾಲ ನಿಂತಿತ್ತು. ಗಾಡಿ ಕುಣದಾಗ ಬತ್ತಿ ಹತ್ತೋದು, ಮತ್ತ ಆರೋದು. ಅವತ್ತು ಪೂರಾ ಹರೀತು. ಗಾಡಿ ನಿಂತುಬಿಡ್ತು."

"ಕಿರ್ ಅಂತ ಸೌಂಡ್ ಬರ್ತಿತ್ತಲ್ಲ?"

"ಅದೂ ಇದರದೇ ಉಪದ್ರವ. ಪೈಪಿಗೆ ತೂತು ಬಿದ್ದು ನೀರು ಬೆಲ್ಟಿನ ಮ್ಯಾಲ ಸೋರ್ತದ, ಬೆಲ್ಟು ಒದರ್ತದ."

ಆ ಕಾರಿಗೆ ಇಪ್ಪತ್ತು ವರ್ಷವಾಗಿತ್ತು. ಅಪ್ಪ ಅಂಜನಮೂರ್ತಿ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದಾಗ ಕೊಂಡದ್ದು. ಕೆಟ್ಟು ನಿಲ್ಲುವ ಮೊದಲಿನ ಮೂರು ತಿಂಗಳು ಅದು ತನಗೆ ಏನೋ ಆಗಿದೆ ಎಂದು ಬಾಯಿಬಾಯಿ ಬಡಿದುಕೊಳ್ಳುತ್ತಲೇ ಇತ್ತು. ಸ್ಟೀರಿಂಗಿನ ಮುಂದೆ ಕಿತ್ತಳೆ ಬಣ್ಣದ ಬತ್ತಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಿರ್ ಎಂಬ ಶಬ್ದ, ಅಡಿಯಲ್ಲಿ ಹಸಿರು ನೀರಿನ ಹನಿ. ಸುಗತ ಏನು ಮಾಡಿದ? ಹನಿ ಬೀಳುವ ಕಡೆ ಒಂದು ರಟ್ಟು ಹಾಸಿದ. ಶಬ್ದಕ್ಕೆ ರೇಡಿಯೋ ಜೋರು ಮಾಡಿದ. ಬತ್ತಿ ಹತ್ತಿಕೊಂಡರೆ ಡ್ಯಾಶ್‌ಬೋರ್ಡಿಗೆ ಒಂದು ಗುದ್ದು ಕೊಟ್ಟ, ಅದು ಆರಿತು. ಇದಕ್ಕೆ ರಿಪೇರಿ ಅನ್ನುತ್ತಾರೆಯೇ? ಆದರೆ ಹಳೇ ಗಾಡಿ ಇಟ್ಟುಕೊಂಡವರೆಲ್ಲ ಮಾಡುವುದು ಇದನ್ನೇ. "ಈ ಭಾನುವಾರ ತೋರಿಸ್ತೀನಿ" ಎಂದ ಭಾನುವಾರಗಳೆಲ್ಲ ಬಂದು ಹೋದವು.

ಆಮೇಲೆ ಆ ಬೆಳಿಗ್ಗೆ ಬಂತು. ಅಪ್ಪ ಹಲ್ಲುಜ್ಜುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. ಆಂಬ್ಯುಲೆನ್ಸಿಗೆ ಕಾಯುವುದು ಬೇಡ, ಕಾರೇ ಇದೆಯಲ್ಲ ಎಂದು ಸುಗತನೇ ಎತ್ತಿ ಕೂರಿಸಿದ. ರಾಮಮೂರ್ತಿ ನಗರದ ಗಲ್ಲಿಗಳನ್ನು ದಾಟಿ ಟಿನ್ ಫ್ಯಾಕ್ಟರಿ ಹತ್ತಿರ ಬರುವಷ್ಟರಲ್ಲಿ ಬತ್ತಿ ಹತ್ತಿಕೊಂಡಿತು. ಅವನು ಗುದ್ದಿದ. ಅದು ಆರಲಿಲ್ಲ. "ಆ ಬತ್ತಿ ನೋಡ್ಬೇಡ ಕಣೋ, ರೋಡ್ ನೋಡು," ಅಂದರು ಅಪ್ಪ. ಅದೇ ಕೊನೆಯ ಮಾತು. ಇಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಮುಂದೆ ಬಸ್ಸು, ಹಿಂದೆ ಬಸ್ಸು, ಮೇಲೆ ಸೇತುವೆ, ಎಲ್ಲಾ ಕಡೆಯಿಂದ ಹಾರನ್ನು. ಯಾರೋ ನಾಲ್ಕು ಜನ ತಳ್ಳಿದರು, ಯಾರೋ ಆಟೋ ನಿಲ್ಲಿಸಿಕೊಟ್ಟರು. ಆಸ್ಪತ್ರೆಯಲ್ಲಿ ಡಾಕ್ಟರು ಗಡಿಯಾರ ನೋಡಿ, "ಇನ್ನೊಂದ್ ಸ್ವಲ್ಪ ಮುಂಚೆ ಬಂದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಸುಡುಗಾಡಿನಲ್ಲಿ ಎಲ್ಲರೂ ಅಳುತ್ತಿದ್ದಾಗ ಸುಗತ ಕಾರಿನ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದ.

ಅಲ್ಲಿಂದ ಇಲ್ಲಿಯವರೆಗೆ ಅವನೊಳಗೆ ಓಡುತ್ತಿದ್ದುದು ಒಂದೇ. ಬತ್ತಿ ಹತ್ತಿತ್ತು, ನಾನು ತೋರಿಸಲಿಲ್ಲ. ಊಟಕ್ಕೆ ಕೂತರೂ ಅದೇ, ಕೆಲಸದಲ್ಲೂ ಅದೇ. ಹೆಂಡತಿ ಬೃಂದಾ, "ಒಂದ್ಸಲ ಅತ್ತುಬಿಡ್ರೀ" ಎಂದು ಬೇಡಿಕೊಂಡಿದ್ದಳು. ಅಳು ಕೇಳಿದರೆ ಬರುವ ವಸ್ತುವೇ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಈಗ ಬಂದು ಗ್ಯಾರೇಜಿನಲ್ಲಿ ನಿಂತಿದ್ದ.

ಪುರಿ ಯಾರು ಇಟ್ಟದ್ದು ಎಂದು ಜಟ್ಟೆಪ್ಪನಿಗೆ ಹೇಳಲಿಲ್ಲ. ಅವನಿಗೆ ಯಾರೂ ಹೇಳಬೇಕಾಗಿಯೂ ಇರಲಿಲ್ಲ. ಮನೆಯಲ್ಲಿ ಅಂಥ ಕೆಲಸ ಮಾಡುವವರು ಒಬ್ಬರೇ, ಅಮ್ಮ ಮುನಿವೆಂಕಟಮ್ಮ. ಸುಗತ ಹುಟ್ಟುವ ಮೊದಲೇ ಅಪ್ಪ ದೀಕ್ಷೆ ತೆಗೆದುಕೊಂಡು ಬೌದ್ಧರಾಗಿದ್ದರು. ದೇವರ ಪಟಗಳೆಲ್ಲ ಹೋಗಿ ಗೋಡೆಗೆ ಬುದ್ಧ ಮತ್ತು ಬಾಬಾಸಾಹೇಬರು ಬಂದಿದ್ದರು. ಆಯುಧಪೂಜೆಯ ದಿನ ಬೀದಿಯ ಗಾಡಿಗಳೆಲ್ಲ ಬಾಳೆಕಂಬ ಕಟ್ಟಿಕೊಂಡು ಮೆರೆಯುತ್ತಿದ್ದರೆ ಇವರ ಕಾರು ಮಾತ್ರ ಬೋಳಾಗಿ ನಿಂತಿರುತ್ತಿತ್ತು. "ನಿಂಬೆಹಣ್ಣು ತುಳ್ಸಿದ್ರೆ ಬ್ರೇಕ್ ಹಿಡಿಯುತ್ತೇನೇ?" ಎಂದು ಅಪ್ಪ ನಗುತ್ತಿದ್ದರು. ಅಮ್ಮನೂ ಜೊತೆಗೆ ನಗುತ್ತಿದ್ದಳು. ನಕ್ಕವಳು ಶುಕ್ರವಾರ ಬೆಳಿಗ್ಗೆ ಕಾರು ಒರೆಸುತ್ತೇನೆ ಎಂದು ಕೆಳಗಿಳಿದು ಹೋಗುತ್ತಿದ್ದಳು. ಆ ವಯಸ್ಸಿನಲ್ಲಿ, ಆ ಮಂಡಿನೋವಿನಲ್ಲಿ ಯಾಕೆ ಒರೆಸುತ್ತಾಳೆ ಎಂದು ಯಾರೂ ಕೇಳಿರಲಿಲ್ಲ. ಹೊರಗೆ ಇಟ್ಟರೆ ಗಂಡ ನೋಡುತ್ತಾನೆಂದು ಬಾನೆಟ್ಟಿನೊಳಗೆ ಇಟ್ಟಿದ್ದಳು, ಪುಣ್ಯಾತ್ಗಿತ್ತಿ.

"ಮನ್ಯಾಗ ಹೇಳಿಬಿಡ್ರಿ ಸರ," ಅಂದ ಜಟ್ಟೆಪ್ಪ, ಕೈ ಒರೆಸಿಕೊಳ್ಳುತ್ತಾ. "ಪೂಜಿ ಮಾಡ್ರಿ, ಬ್ಯಾಡನ್ನಂಗಿಲ್ಲ. ತಿನ್ನೋದು ಮಾತ್ರ ಇಡಬ್ಯಾಡ್ರಿ. ಮತ್ತ ಬರ್ತಾವ ಅವು."

ಬಸ್ಸಿನಲ್ಲಿ ಮನೆಗೆ ಬರುವಾಗ ಸುಗತನಿಗೆ ಹಗುರವಾಯಿತು. ಇದನ್ನು ಮುಚ್ಚಿಡುವುದೇಕೆ, ಹಗುರವೇ ಆಯಿತು. ಅಬ್ಬಾ, ನಾನೊಬ್ಬನೇ ಅಲ್ಲ. ಇಷ್ಟು ದಿನ ಒಬ್ಬನೇ ಹೊತ್ತದ್ದನ್ನು ಹಿಡಿಯಲು ಇನ್ನೊಂದು ಕೈ ಸಿಕ್ಕಿತ್ತು. ಅದು ಅಮ್ಮನ ಕೈ ಎಂಬುದು ಹೊಳೆದಾಗ ನಾಚಿಕೆಯಾಯಿತು. ಆದರೂ ಹೇಳಿಬಿಡಬೇಕು, ನೀನಿಟ್ಟ ಪುರಿಯಿಂದ ಹೀಗಾಯಿತು ಅಂತ ಇವತ್ತೇ ಹೇಳಿಬಿಡಬೇಕು ಎಂದುಕೊಂಡ. ಮಾತುಗಳನ್ನು ಜೋಡಿಸಿಕೊಂಡೇ ಮೆಟ್ಟಿಲು ಹತ್ತಿದ.

ಅಮ್ಮ ಅಡುಗೆಮನೆಯ ಹೊಸಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬೃಂದಾ ಇನ್ನೂ ಕೆಲಸದಿಂದ ಬಂದಿರಲಿಲ್ಲ.

"ಗಾಡಿಗೆ ಏನಾಗಿತ್ತಂತೆ?" ಎಂದಳು.

"ವೈರು ಕಟ್ಟಾಗಿತ್ತಂತೆ."

"ಅದ್ಯಾಕೆ ಕಟ್ಟಾಯ್ತು?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಅಮ್ಮ ಸುಲಿಯುತ್ತಿದ್ದ ಕಾಯನ್ನು ಮೊರದಲ್ಲಿಟ್ಟಳು.

"ನಂಗೊತ್ತು ಕಣಪ್ಪ ಯಾಕೆ ಅಂತ. ನಿಂಗೆ ಹೇಳ್ಬೇಕು ಅಂತಾನೇ ಇದ್ದೆ, ನಾಲಗೆ ಬರ್ಲಿಲ್ಲ. ಬೈಬೇಡ." ತಲೆ ಬಗ್ಗಿಸಿಯೇ ಮಾತಾಡಿದಳು. "ನಿಮ್ಮಪ್ಪನಿಗೆ ಗೊತ್ತಾಗ್ದಂಗೆ ನಾನು ಶುಕ್ರವಾರ ಶುಕ್ರವಾರ ಗಾಡಿ ಒಳಗೆ ನಮ್ಮೂರ ದೇವ್ರು ಸಪ್ಲಮ್ಮನ ಹೆಸ್ರಲ್ಲಿ ಒಸಿ ಪುರಿ ಬೆಲ್ಲ ಇಕ್ತಿದ್ದೆ. ಅಪ್ಪ ಮಗ ಇಬ್ರೂ ಅದ್ರಲ್ಲೇ ಓಡಾಡ್ತೀರಿ, ಆ ರೋಡ್ಗಳು ನೋಡಿದ್ರೆ ನಂಗೆ ಎದೆ ಢವಢವ ಅನ್ನೋದು. ಒಂದು ವಾರಾನೂ ತಪ್ಪಿಸ್ದೋಳಲ್ಲ. ಆ ವಾರ ನಿಮ್ ಚಿಕ್ಕಪ್ಪನ ಮನೇಲಿ ಮಗು ಹುಟ್ಟಿ ಪುರುಡು ಬಂತಲ್ಲ, ಮೈಲಿಗೇಲಿ ಹೆಂಗೆ ಇಕ್ಕೋದು ಅಂತ ಸುಮ್ನಾಗ್ಬಿಟ್ಟೆ. ಒಂದೇ ಒಂದು ಶುಕ್ರವಾರ ಕಣೋ ಸುಗತ. ಅವಳು ಅಷ್ಟಕ್ಕೇ ಮುನಿಸ್ಕೊಂಡು ಗಾಡಿ ನಿಲ್ಲಿಸ್ಬಿಟ್ಳು. ನಾನೇ ನಿಮ್ಮಪ್ಪನ್ನ ತಿಂದ್ಕೊಂಡೆ."

ಅವಳು ಅಳಲಿಲ್ಲ. ಅವಳ ಅಳು ಎಂದೋ ಮುಗಿದಿತ್ತು. ರಾತ್ರಿ ಊಟದಲ್ಲಿ ಅರ್ಧ ಮುದ್ದೆ ಬಿಟ್ಟೇಳುತ್ತಿದ್ದುದು, ಕೇಳಿದರೆ ಹಸಿವಿಲ್ಲ ಅನ್ನುತ್ತಿದ್ದುದು, ಎಲ್ಲ ಈಗ ಸುಗತನಿಗೆ ಅರ್ಥವಾಯಿತು. ಅವನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳನ್ನು ತೂಗಿ ನೋಡಿದ. ಹೇಳಿದರೆ ಅಮ್ಮನಿಗೆ ಇಡದೆ ಬಿಟ್ಟ ಒಂದು ಶುಕ್ರವಾರದ ಪಾಪ ಹೋಗುತ್ತದೆ. ಇಟ್ಟ ಶುಕ್ರವಾರಗಳಷ್ಟೂ ಬಂದು ಮೈಮೇಲೆ ಕೂರುತ್ತವೆ. ದೇವರೇ, ಇದೆಂಥ ಲೆಕ್ಕಾಚಾರ!

ಅವನು ಅವಳ ಎದುರು ನೆಲದ ಮೇಲೆ ಕೂತು ಮೊರದಿಂದ ಒಂದು ಅವರೆಕಾಯಿ ತೆಗೆದುಕೊಂಡ.

"ಪುರುಡೂ ಇಲ್ಲ, ಗಿರುಡೂ ಇಲ್ಲ. ಅದು ನನ್ನಿಂದ ಆಗಿದ್ದು ಅಮ್ಮ. ಬತ್ತಿ ಮೂರು ತಿಂಗಳಿಂದ ಹತ್ಕೋತಿತ್ತು, ನಾನೇ ತೋರಿಸ್ಲಿಲ್ಲ. ತೋರಿಸಿದ್ರೆ ಅವತ್ತೇ ವೈರು ಸರಿ ಮಾಡ್ಕೊಡ್ತಿದ್ದ."

"ಹಂಗನ್ಬೇಡ."

"ಮೆಕ್ಯಾನಿಕ್ಕೇ ಹೇಳ್ದ. ನೀನು ಇಟ್ಟಿದ್ರಿಂದ್ಲೇ ಅದು ಅಷ್ಟು ದಿನ ಓಡಿದ್ದು ಅನ್ಕೋ."

ಇಷ್ಟು ದೊಡ್ಡ ಸುಳ್ಳು ಅಪ್ಪನ ಮಗ ಜನ್ಮದಲ್ಲಿ ಹೇಳಿರಲಿಲ್ಲ. ಅಮ್ಮ ಅವನ ಮುಖವನ್ನೇ ನೋಡಿದಳು. ನಂಬಿದಳೋ ಇಲ್ಲವೋ, ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ಆ ರಾತ್ರಿ ಮುದ್ದೆ ಪೂರ್ತಿ ಉಂಡಳು. ಸುಗತ ಉಣ್ಣಲಿಲ್ಲ, ಬೃಂದಾ ಕೇಳಿದ್ದಕ್ಕೆ ಮಧ್ಯಾಹ್ನದ್ದೇ ಅರಗಿಲ್ಲ ಅಂದ.

ಕಾರು ಮನೆಗೆ ಬಂತು. ಬತ್ತಿ ಇಲ್ಲ, ಶಬ್ದವಿಲ್ಲ, ಸೋರುವುದಿಲ್ಲ. ಶುಕ್ರವಾರ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡುವ ಹೊತ್ತಿಗೆ ಅಮ್ಮ ತಟ್ಟೆ ಹಿಡಿದು, ಸೆರಗು ಮುಚ್ಚಿಕೊಂಡು ಮೆಟ್ಟಿಲ ಬಳಿ ನಿಂತಿದ್ದಳು. ಮಗನನ್ನು ಕಂಡು ಹಿಂದಕ್ಕೆ ಹೋಗಲು ನೋಡಿದಳು.

"ಬಾ, ನಾನೇ ತೆಗೆದುಕೊಡ್ತೀನಿ," ಅಂದ ಸುಗತ.

ಅವನು ಬಾನೆಟ್ಟನ್ನು ಎತ್ತಿ ಕೈಯಲ್ಲೇ ಹಿಡಿದು ನಿಂತ. ಆನಿಸಲು ಕಂಬಿ ಇತ್ತು, ಆದರೂ ಹಿಡಿದೇ ನಿಂತ. ಯಾರಾದರೂ ನೋಡುತ್ತಾ ನಿಂತರೆ ಪೂಜೆ ಹೇಗೆ ಮಾಡುವುದು ಎಂದು ಅಮ್ಮನಿಗೇ ತಿಳಿಯದಂತಿತ್ತು. ಕುಂಕುಮ ಇಟ್ಟಳು, ಅಳಿಸಿ ಮತ್ತೆ ಇಟ್ಟಳು. ಜಟ್ಟೆಪ್ಪ ತೊಳೆದು ಚೊಕ್ಕ ಮಾಡಿದ್ದ ಆ ಜಾಗದಲ್ಲಿ, ಹೊಸ ವೈರಿನ ಪಕ್ಕದಲ್ಲಿ, ಒಂದು ಹಿಡಿ ಪುರಿ, ಒಂದು ಅಚ್ಚು ಬೆಲ್ಲ ಇಟ್ಟಳು. ಕಣ್ಣು ಮುಚ್ಚಿ ತುಟಿ ಅಲುಗಿಸಿದಳು. ಅವಳು ಹೇಳಿಕೊಂಡದ್ದರಲ್ಲಿ ಅವನ ಹೆಸರು ಎರಡು ಸಲ ಕೇಳಿಸಿತು.

"ಇನ್ ಹುಷಾರಾಗಿ ಹೋಗ್ಬಿಟ್ ಬಾಪ್ಪ. ಇನ್ನೇನೂ ಆಗಲ್ಲ," ಎಂದು ಅವನ ಕೆನ್ನೆ ಮುಟ್ಟಿ, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಹೋದಳು.

ಮೇಲೆ ಬಾಗಿಲು ಹಾಕಿದ ಸದ್ದಾಗುವವರೆಗೆ ಸುಗತ ಬಾನೆಟ್ಟು ಹಿಡಿದೇ ಇದ್ದ. ಆಮೇಲೆ ಕಂಬಿಗೆ ಆನಿಸಿ, ಬಗ್ಗಿ, ಪುರಿಯನ್ನು ಅಂಗೈಗೆ ಬಳಿದುಕೊಂಡ. ಎಲ್ಲಿ ಹಾಕುವುದು? ಮೋರಿಗೆ ಹಾಕಿದರೆ ಮೇಲಿನ ಕಿಟಕಿಯಿಂದ ಕಾಣುತ್ತದೆ. ಬಾಯಿಗೆ ಹಾಕಿಕೊಂಡ. ಬೆಲ್ಲವನ್ನೂ ಕಚ್ಚಿದ. ಬೆಳಗಿನ ಕಾಫಿ ಕುಡಿದ ಬಾಯಲ್ಲಿ ಅದು ಬರೀ ಸಿಹಿಯಾಗಿತ್ತು, ನುಂಗಲು ಆಗುತ್ತಿರಲಿಲ್ಲ. ಅಗಿಯುತ್ತಾ ಅಗಿಯುತ್ತಾ ಕಣ್ಣಿಂದ ನೀರು ಬರುತ್ತಿರುವುದು ಅವನಿಗೆ ಗೊತ್ತಾದದ್ದು ಅದು ಬ್ಯಾಟರಿಯ ಮೇಲೆ ಬಿದ್ದಾಗಲೇ. ನಾಲ್ಕಾರು ಕಾಳು ಇಂಜಿನ್ನಿನ ಸಂದಿಗೆ ಜಾರಿ ಹೋಗಿದ್ದವು. ಅವನು ಅಂಗಿಯ ತೋಳು ಮಡಚಿ, ಭುಜದವರೆಗೆ ಕೈ ಒಳಗೆ ತೂರಿಸಿ, ಒಂದೊಂದನ್ನೇ ತಡಕಿ ತೆಗೆಯತೊಡಗಿದ.