ಕಡಲು ದಾಟಿ ಬಂದ ಹಳದಿ ಹಕ್ಕಿ

ನಿಶಿತಾಳಿಗೆ ಹಕ್ಕಿಗಳ ಹುಚ್ಚು ಹಿಡಿದದ್ದು ಏಳನೇ ವಯಸ್ಸಿನಲ್ಲಿ, ಡಲ್ಲಾಸ್ ಪಕ್ಕದ ಅಲೆನ್‌ನಲ್ಲಿ. ಅವಳಪ್ಪ ವೆಂಕಟರಮಣರಿಗೆ ಕಾಗೆ, ಗುಬ್ಬಿ ಬಿಟ್ಟರೆ ಮೂರನೆಯ ಹಕ್ಕಿಯ ಹೆಸರು ಗೊತ್ತಿರಲಿಲ್ಲ. ಆದರೂ ವಾರವಿಡೀ ಕೆಲಸಕ್ಕೆಂದು ಪ್ಲೇನೋ ನಗರಕ್ಕೆ ಡ್ರೈವ್ ಮಾಡಿ ದಣಿದ ಆ ಮನುಷ್ಯ ಶನಿವಾರ ನಸುಕಿನಲ್ಲೇ ಎದ್ದು ಮಗಳನ್ನು ಕೆರೆಯ ಬಳಿಗೆ ಕರೆದೊಯ್ಯುತ್ತಿದ್ದರು. ಅವಳು ಹಕ್ಕಿ ನೋಡುವಷ್ಟು ಹೊತ್ತು ಅವರು ಕಾರಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ಒಂದು ದಿನವೂ "ಸಾಕು, ಹೋಗೋಣ" ಎಂದವರಲ್ಲ.

ಮುಂದೆ ಆಸ್ಟಿನ್‌ನಲ್ಲಿ ಜೀವಶಾಸ್ತ್ರ ಓದಿ, ಡಾಕ್ಟರೇಟ್ ಮುಗಿಸಿ, ಹ್ಯೂಸ್ಟನ್‌ನ ಒಂದು ಸಂಶೋಧನಾಲಯ ಸೇರಿದಳು. ವಲಸೆ ಹಕ್ಕಿಗಳ ರಕ್ತ ಪರೀಕ್ಷಿಸುವ ಕೆಲಸ. ಆರು ವರ್ಷ ಹಕ್ಕಿಗಳು ಅವಳ ಕೈಗೆ ಬಂದದ್ದು ಗಾಜಿನ ಸಣ್ಣ ಕೊಳವೆಗಳಲ್ಲಿ. ಕೆಲಸ ಕೆಟ್ಟದ್ದೇನಲ್ಲ, ಆದರೆ ಬೆಳಿಗ್ಗೆ ಏಳಲು ಮನಸ್ಸೇ ಬಾರದಂತಾಗಿತ್ತು.

ಒಂದು ಏಪ್ರಿಲ್‌ನಲ್ಲಿ ಹ್ಯೂಸ್ಟನ್ ಪಕ್ಕದ ಕೇಟಿ ಊರಿನ ಕುಮುದಾ ಆಂಟಿ, ಕನ್ನಡ ಸಂಘದ ಹತ್ತು ಜನರಿಗೆ ಹಕ್ಕಿ ತೋರಿಸುತ್ತೀಯಾ ಎಂದು ಕೇಳಿದರು. ನಿಶಿತಾ ದಾಕ್ಷಿಣ್ಯಕ್ಕೆ ಒಪ್ಪಿದಳು. ಕಡಲಂಚಿನ ಓಕ್ ತೋಪು ತಲುಪುವಷ್ಟರಲ್ಲಿ ಬಡಗಣ ಗಾಳಿಯ ಜೊತೆ ಮಳೆ ಹಿಡಿಯಿತು. ಹಿಂತಿರುಗೋಣವೆಂದು ಕೆಲವರು ಗೊಣಗುತ್ತಿರುವಾಗಲೇ ಆಕಾಶದಿಂದ ಹಕ್ಕಿಗಳು ಉದುರತೊಡಗಿದವು. ಮೆಕ್ಸಿಕೋದಿಂದ ಕೊಲ್ಲಿ ದಾಟಿ, ಎದುರುಗಾಳಿಗೆ ಸೋತು, ಮೊದಲು ಸಿಕ್ಕ ನೆಲಕ್ಕೆ ಇಳಿಯುತ್ತಿದ್ದವು. ಕೊಂಬೆ, ಹುಲ್ಲು, ಬೇಲಿ, ಎಲ್ಲೆಲ್ಲೂ ಕೆಂಪು, ನೀಲಿ, ಹಳದಿ.

ಆಂಟಿಯ ಮಾವ, ಧಾರವಾಡದ ನೀಲಕಂಠಪ್ಪನವರು, ಛತ್ರಿ ಹಿಡಿದು ಬೆಂಚಿನ ಮೇಲೆ ಕೂತಿದ್ದರು. ಹೆಬ್ಬೆರಳಿನಷ್ಟು ಹಳದಿ ಹಕ್ಕಿಯೊಂದು ಅವರ ಬೂಟಿನ ಮೇಲೇ ಇಳಿದು ಕಣ್ಣು ಮುಚ್ಚಿತು.

"ಎಷ್ಟು ದೂರದಿಂದ ಬಂದೈತವಾ ಇದು?" ಎಂದು ಪಿಸುಗುಟ್ಟಿದರು.

"ಸಾವಿರ ಕಿಲೋಮೀಟರ್, ತಾತ. ನಡುವೆ ಕೂರೋಕೆ ಒಂದು ಕಡ್ಡೀನೂ ಸಿಗಲ್ಲ."

ಅವರು ಛತ್ರಿಯನ್ನು ತಲೆಯಿಂದ ಸರಿಸಿ ಬೂಟಿನ ಮೇಲೆ ಹಿಡಿದರು. ಮುಕ್ಕಾಲು ಗಂಟೆ ಅಲುಗಲಿಲ್ಲ. ಹಣೆಯಿಂದ ನೀರು ಇಳಿಯುತ್ತಲೇ ಇತ್ತು. ಹೊರಡೋಣವೆಂದ ಸೊಸೆಯನ್ನು ಕೈಸನ್ನೆಯಲ್ಲೇ ತಡೆದರು. ಹಕ್ಕಿ ಮೈ ಕೊಡವಿ ಹಾರಿಹೋದ ಮೇಲೆ ನಿಶಿತಾಳತ್ತ ತಿರುಗಿದರು.

"ಎಂಬತ್ತು ವರ್ಷ ಇದನ್ನ ನೋಡಲಾರದ ಕಳದೆ. ಇವತ್ತು ತೋರಿಸಿದಿ ನೋಡವಾ, ಪುಣ್ಯಾ ಬರಲಿ ನಿನಗ."

ನಿಶಿತಾಳಿಗೆ ಅಳು ತಡೆಯಲಾಗಲಿಲ್ಲ. ತಿಂಗಳೊಳಗೆ ಕೆಲಸ ಬಿಟ್ಟು, ಜನರಿಗೆ ಹಕ್ಕಿ ತೋರಿಸುವುದನ್ನೇ ವೃತ್ತಿ ಮಾಡಿಕೊಂಡಳು. ಮೊದಲ ವರ್ಷ ಹಕ್ಕಿ ನೋಡಲು ಬರುವವರೇ ಇರಲಿಲ್ಲ. ಕುಮುದಾ ಆಂಟಿ ಅವರಿವರಿಗೆ ಫೋನ್ ಮಾಡಿ ಜನರನ್ನು ಕಳಿಸಿದರು. ಆ ಋಣ ತೀರುವಂಥದ್ದಲ್ಲವೆಂದು ಅವಳಿಗೆ ಗೊತ್ತು. ಈಗ ಆಸ್ಟಿನ್‌ನ ಗುಡ್ಡಗಳಲ್ಲಿ, ಹ್ಯೂಸ್ಟನ್‌ನ ಕಡಲಂಚಿನಲ್ಲಿ ವರ್ಷವಿಡೀ ಹಕ್ಕಿ ತೋರಿಸುತ್ತಾಳೆ. ಆ ಆರು ವರ್ಷವೂ ದಂಡವಾಗಲಿಲ್ಲ. ಈ ಪುಟ್ಟ ಜೀವ ಅಷ್ಟು ದೂರ ಹೇಗೆ ಹಾರುತ್ತದೆಂದು ಯಾರಾದರೂ ಕೇಳಿದರೆ ಅವಳ ಬಳಿ ಉತ್ತರವಿದೆ. ಗುಂಪಿನಲ್ಲಿ ಒಬ್ಬರಾದರೂ ಉಸಿರು ಬಿಗಿಹಿಡಿದು ನಿಂತಾಗ, ದುರ್ಬೀನು ಕೆಳಗಿಳಿಸಿ ಅವರ ಮುಖವನ್ನೇ ನೋಡುತ್ತಾ ನಿಲ್ಲುತ್ತಾಳೆ.