ವಿಳಾಸಕ್ಕೊಂದು ಗುರುತು

ಪುರಭವನದ ಫ್ಯಾನು ಸದ್ದು ಮಾಡುತ್ತಿತ್ತೇ ಹೊರತು ಗಾಳಿ ಕೊಡುತ್ತಿರಲಿಲ್ಲ. ಅದರ ಕೆಳಗೆ ಕೂತು ಗುಮಾಸ್ತೆ ಆಕ್ಷೇಪಣೆಗಳ ಪಟ್ಟಿ ಬರೆಯುತ್ತಿದ್ದಳು. ಊರ ದೊಡ್ಡ ಕೆರೆಯನ್ನು ಮುಚ್ಚಿ ಅಲ್ಲಿ ನಲವತ್ತು ಅಂತಸ್ತಿನ ಗೋಪುರ ಕಟ್ಟುವುದು ಪ್ರಾಂತ್ಯ ಸರ್ಕಾರದ ಯೋಜನೆ. ಆಮೇಲೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂಬುದು ನಕ್ಷೆಯ ಯಾವ ಹಾಳೆಯಲ್ಲೂ ಇರಲಿಲ್ಲ. ಯೋಜನೆ ಬೇಡ ಎನ್ನುವವರು ಅವಳ ಮೇಜಿಗೆ ಬಂದು ಹೆಸರು, ವಿಳಾಸ, ಕಾರಣ ಬರೆಸಬೇಕು. ಕೊನೆಗೆ ಅವಳು ಪಟ್ಟಿಯನ್ನು ಸಭೆಗೆ ಗಟ್ಟಿಯಾಗಿ ಓದಬೇಕು. ಓದಿದ್ದರಲ್ಲಿ ಆಮೇಲೆ ಒಂದಕ್ಷರವನ್ನೂ ತಿದ್ದುವಂತಿಲ್ಲ. ಅದು ಕಚೇರಿಯ ಹಳೆಯ ನಿಯಮ.

"ವಿಳಾಸ ಹೇಳಿ, ಟೈಲರಣ್ಣ."

"ನಿನಗೆ ಗೊತ್ತಿಲ್ವಾ ತಂಗಿ? ಬಸ್ ಸ್ಟ್ಯಾಂಡ್ ಹಿಂದೆ, ಮೂರನೇ ತಿರುವು. ನೀಲಿ ಗೇಟು."

"ಆ ಬೀದೀಲಿ ನೀಲಿ ಗೇಟು ಮೂರಿವೆ." ಅವಳೇ ಸೇರಿಸಿದಳು: ‘ಗೇಟಿನ ಮುಂದೆ, ಹಳೆಯ ಹೊಲಿಗೆ ಮೆಷಿನ್ನಿನ ಕಾಲಿಗೆ ಹಲಗೆ ಹಾಕಿದ ಬೆಂಚು.’

ಟೈಲರ್ ನಕ್ಕ. "ಇಷ್ಟು ಬರೆದ್ರೆ ಕಣ್ಣು ಕಟ್ಟಿ ಬಿಟ್ರೂ ಮನೆಗೆ ಬಂದುಬಿಡ್ತಾರೆ."

ಅವಳಿಗೆ ಬೇಕಾದದ್ದೂ ಅದೇ. ಆಕ್ಷೇಪಿಸಿದ ಪ್ರತಿಯೊಬ್ಬರಿಗೂ ಸರ್ಕಾರ ಅಂಚೆಯಲ್ಲಿ ಉತ್ತರ ಕಳಿಸಬೇಕು. ಅವಳು ಕೆಲಸಕ್ಕೆ ಸೇರಿದ ವರ್ಷ ಅರ್ಧಕ್ಕರ್ಧ ಕಾಗದಗಳು ವಿಳಾಸ ಸಿಗದೆ ವಾಪಸ್ ಬಂದಿದ್ದವು. ಅಂದಿನಿಂದ ಪ್ರತಿ ವಿಳಾಸದ ಕೆಳಗೂ ಒಂದು ಗುರುತು ಬರೆಯುವ ಪದ್ಧತಿಯನ್ನು ಅವಳೇ ಶುರುಮಾಡಿದ್ದಳು. ಹದಿನಾಲ್ಕು ವರ್ಷದಲ್ಲಿ ಒಂದು ಕಾಗದವೂ ಹಿಂದಿರುಗಿರಲಿಲ್ಲ. ಆ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು.

ಅಂದು ಹತ್ತೊಂಬತ್ತು ಜನ ಬರೆಸಿದರು.

ಎರಡು ವಾರ ಕಳೆದು ಮಗಳ ಯೂನಿಫಾರ್ಮ್ ತರಲು ಹೋದರೆ ಟೈಲರ್ ಅಂಗಡಿಗೆ ಸರ್ಕಾರಿ ಬೀಗ ಬಿದ್ದಿತ್ತು. ಮನೆಗೆ ಹೋದಳು. ಟೈಲರನ ಹೆಂಡತಿ ಗೇಟು ತೆಗೆಯಲಿಲ್ಲ. ಸರಳುಗಳ ಆಚೆಯಿಂದಲೇ ಮಾತಾಡಿದಳು.

"ಹೋದ ಸೋಮವಾರ, ಹಾಲಿನವನು ಬರೋಕೆ ಮುಂಚೆ ಜೀಪು ಬಂತು, ಕರ್ಕೊಂಡು ಹೋದ್ರು. ಶಾಂತಿ ಕದಡ್ತಾರಂತೆ ಇವರು. ಸೂಜಿಗೆ ದಾರ ಪೋಣಿಸೋಕೇ ಕನ್ನಡಕ ಹುಡುಕೋರು, ಯಾರ ಶಾಂತಿ ಕದಡ್ತಾರೆ? ಎಲ್ಲಿಟ್ಟಿದ್ದಾರೆ ಅಂತ ಯಾರೂ ಬಾಯಿ ಬಿಡ್ತಿಲ್ಲ."

"ಮನೆ ತೋರಿಸಿದ್ದು ಯಾರು?"

"ಯಾರನ್ನೂ ಕೇಳಲಿಲ್ಲಕ್ಕಾ. ಕೈಯಲ್ಲಿ ಒಂದು ಹಾಳೆ ಇತ್ತು. ‘ಹೊಲಿಗೆ ಮೆಷಿನ್ನಿನ ಕಾಲಿಗೆ ಹಲಗೆ ಹಾಕಿದ ಬೆಂಚು’ ಅಂತ ಓದಿ, ‘ಇದೇ ಮನೆ’ ಅಂದ್ರು."

ಗುಮಾಸ್ತೆ ಬೆಂಚಿನ ಕಡೆ ನೋಡಲಾರದೆ ಹೋದಳು. ಹಿಂದಿರುಗುವಾಗ ಪಟ್ಟಿಯಲ್ಲಿದ್ದ ಇನ್ನೂ ನಾಲ್ಕು ಮನೆಗಳ ಮುಂದೆ ಹಾದುಹೋದಳು. ನಾಲ್ಕೂ ಮುಚ್ಚಿದ್ದವು. ಎಲ್ಲ ಗುರುತುಗಳೂ ಅವಳು ಬರೆದಂತೆಯೇ ಇದ್ದವು.

ಮರುದಿನ ಅವಳು ಕಚೇರಿಯ ಸಾಹೇಬರ ಮುಂದೆ ನಿಂತಳು. "ಸರ್, ಪಟ್ಟಿ ಇರೋದು ಉತ್ತರ ಕಳಿಸೋಕೆ. ಜೀಪಿನವರ ಕೈಗೆ ಹೇಗೆ ಹೋಯ್ತು?"

ಸಾಹೇಬರು ಕೆಟ್ಟವರಲ್ಲ. ಅವಳಿಗೆ ಕುರ್ಚಿ ತೋರಿಸಿದರು. "ಮೇಲಿನವರು ಕೇಳಿದ್ರು, ಕೊಟ್ಟೆ. ನಮ್ಮೂರಿಗೆ ರಸ್ತೆ ಇಲ್ಲದೆ ನಮ್ಮಮ್ಮ ಆಸ್ಪತ್ರೆ ಸೇರದೆ ಮಂಚದ ಮೇಲೇ ಜೀವ ಬಿಟ್ಲು ಕಣಮ್ಮ. ಏನಾದ್ರೂ ಕಟ್ಟೋಕೆ ಹೋದ್ರೆ ಅಡ್ಡ ಬರೋರು ಆಗಲೂ ಇದ್ರು."

"ರಸ್ತೆ ಬೇಡ ಅಂತ ಯಾರೂ ಬರೆಸಿಲ್ಲ ಸರ್. ನೀರು ಎಲ್ಲಿಂದ ಅಂತ ಕೇಳಿದ್ದಾರೆ."

ಸಾಹೇಬರು ಡ್ರಾಯರಿನಿಂದ ಒಂದು ಕಾಗದ ತೆಗೆದು ಅವಳ ಕಡೆ ಸರಿಸಿದರು. ವಿಳಾಸಗಳ ಸ್ಪಷ್ಟತೆಗಾಗಿ ಅವಳಿಗೆ ಬಂದ ಮೆಚ್ಚುಗೆ ಪತ್ರ. "ನಿನಗೂ ಮಗಳಿದ್ದಾಳೆ. ಇದನ್ನ ಜೋಪಾನವಾಗಿ ಇಟ್ಕೋ," ಎಂದರು. ಅವರ ದನಿಯಲ್ಲಿದ್ದದ್ದು ಬೆದರಿಕೆಯಲ್ಲ, ಭಯ. ಅದನ್ನು ಕೇಳಿ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು.

ತಿಂಗಳ ಕೊನೆಗೆ ಎರಡನೆಯ ಮತ್ತು ಕಡೆಯ ಸಭೆ. ಕಡೆಯ ಸಭೆಯದೇ ಲೆಕ್ಕ; ಈ ಸಲ ಆಕ್ಷೇಪಣೆ ಬಾರದಿದ್ದರೆ ಮಾರನೆಯ ದಿನವೇ ಕೆರೆಗೆ ಮಣ್ಣು ಬೀಳುವುದಿತ್ತು. ಭವನ ತುಂಬಿತ್ತು, ಆದರೆ ಕೆಮ್ಮು ಬಂದವರು ಕೂಡ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಬಾಗಿಲ ಬಳಿ ಜೀಪು ನಿಂತಿತ್ತು. ಹಿಂದಿನ ಸಾಲಿನಲ್ಲಿ ಟೈಲರನ ಹೆಂಡತಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಒಂದು ಗಂಟೆಯಾದರೂ ಮೇಜಿನ ಹತ್ತಿರ ಯಾರೂ ಸುಳಿಯಲಿಲ್ಲ.

ಸಾಹೇಬರು ಗಡಿಯಾರ ನೋಡಿದರು. "ಆಕ್ಷೇಪಣೆ ಇಲ್ಲ ಅಂತ ಬರೆದು ಓದಿಬಿಡಮ್ಮ."

ಅವಳು ಬರೆಯತೊಡಗಿದಳು. ‘ಇಲ್ಲ’ ಎಂದು ಬರೆಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಎರಡು ಅಕ್ಷರ ಸೊಟ್ಟಗಾದವು. ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು. ಎದ್ದು ನಿಂತು ಓದಿದಳು.

"ಆಕ್ಷೇಪಣೆ ಒಂದು." ಮೊದಲು ತನ್ನ ಹೆಸರನ್ನೇ ಓದಿದಳು. "ಕಾರಣ: ಕೆರೆ ಮುಚ್ಚಿದ ಮೇಲೆ ನೀರು ಎಲ್ಲಿಂದ ಎಂಬುದನ್ನು ತಿಳಿಸಿಲ್ಲ. ಕೇಳಿದವರು ಎಲ್ಲಿದ್ದಾರೆ ಎಂಬುದನ್ನೂ ತಿಳಿಸಿಲ್ಲ. ವಿಳಾಸ: ಅಂಚೆ ಕಚೇರಿಯ ಎದುರು ಬೀದಿ, ಮಹಡಿ ಮನೆ. ಗುರುತು: ಮೆಟ್ಟಿಲ ಮೇಲೆ ಕೆಂಪು ಬಕೆಟ್ಟು, ಕಿಟಕಿಯಲ್ಲಿ ಶಾಲೆಗೆ ಹೋಗುವ ಹುಡುಗಿ."

ಸಾಹೇಬರು ತಲೆ ತಗ್ಗಿಸಿದರು. ಬಾಗಿಲ ಬಳಿ ಯಾರೋ ಹಾಳೆಯ ಮೇಲೆ ಬರೆದುಕೊಂಡರು. ಹೊರಗೆ ಜೀಪಿನ ಇಂಜಿನ್ ಶುರುವಾಯಿತು.

ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಸರಿಯಿತು. ಟೈಲರನ ಹೆಂಡತಿ ಮೇಜಿನ ತನಕ ನಡೆದು ಬಂದಳು.

"ನಂದೂ ಬರ್ಕೊಳ್ಳಕ್ಕಾ," ಎಂದಳು. "ವಿಳಾಸ ಅವರ ಹತ್ರ ಇದೆ."